‘ಪಾವತಿ ವಿಫಲವಾಗಿದೆ’: ನಿಮ್ಮ ಹಣವನ್ನು ತಡೆದದ್ದು ಯಾರು, ಏಕೆ?

ಖಾತೆಯಲ್ಲಿ ದುಡ್ಡಿದೆ, ಇಂಟರ್ನೆಟ್ ಇದೆ, ಪಿನ್ ಕೂಡ ಸರಿಯಾಗಿಯೇ ಹಾಕಿದ್ದೀರಿ. ಆದರೂ ಪರದೆಯ ಮೇಲೆ ಕೆಂಪು ಗುರುತಿನೊಂದಿಗೆ ‘ಪಾವತಿ ವಿಫಲವಾಗಿದೆ’ ಎಂದು ಬರುತ್ತದೆ. ಒಮ್ಮೊಮ್ಮೆ ಇದಕ್ಕಿಂತ ಕಿರಿಕಿರಿಯ ಸ್ಥಿತಿ: ಬ್ಯಾಂಕಿನಿಂದ ಹಣ ಕಡಿತವಾದ ಎಸ್‌ಎಂಎಸ್ ಬಂದಿರುತ್ತದೆ, ಅಂಗಡಿಯವರು ಮಾತ್ರ ‘ನಮಗೆ ಬಂದಿಲ್ಲ’ ಎನ್ನುತ್ತಾರೆ. ಕಾರಣ ಏನೆಂದು ಆ್ಯಪ್ ಹೇಳುವುದಿಲ್ಲ. ‘ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ’ ಎನ್ನುವುದಷ್ಟೇ ಉತ್ತರ.

ಈ ಮೌನದ ಜಾಗವನ್ನು ವಾಟ್ಸ್‌ಆ್ಯಪ್ ಫಾರ್ವರ್ಡ್‌ಗಳು ತುಂಬುತ್ತವೆ. ‘ಕಡಿತವಾದ ಹಣ ವಾಪಸ್ ಬರುವುದಿಲ್ಲ’, ‘ಈ ಲಿಂಕ್ ಒತ್ತಿದರೆ ದಿನಕ್ಕೆ 100 ರೂಪಾಯಿ ಪರಿಹಾರ’, ‘ಪಾವತಿ ಫೇಲ್ ಆದರೆ ಸಿಬಿಲ್ ಸ್ಕೋರ್ ಇಳಿಯುತ್ತದೆ’ ಎಂಬಂಥ ಸಂದೇಶಗಳು ನಿಮಗೂ ಬಂದಿರಬಹುದು. ಇವುಗಳಲ್ಲಿ ಅರ್ಧ ಸತ್ಯ ಯಾವುದು, ಪೂರ್ತಿ ಸುಳ್ಳು ಯಾವುದು? ಅದನ್ನು ತಿಳಿಯಲು ಮೊದಲು ಪಾವತಿಯನ್ನು ತಿರಸ್ಕರಿಸುವವರು ಯಾರು ಎಂದು ನೋಡಬೇಕು. ಏಕೆಂದರೆ ‘ತಿರಸ್ಕಾರ’ ಎಂಬ ಒಂದೇ ಪದದ ಹಿಂದೆ ಬೇರೆ ಬೇರೆ ಕೈಗಳಿವೆ. ಯಾವ ಕೈ ತಡೆದಿದೆ ಎಂದು ಗೊತ್ತಾದರೆ ಯಾವ ಬಾಗಿಲು ತಟ್ಟಬೇಕು ಎಂಬುದೂ ಗೊತ್ತಾಗುತ್ತದೆ.

ಕೆಲವೇ ಸೆಕೆಂಡು, ಐದು ಕೈ

ಯುಪಿಐ ವ್ಯವಸ್ಥೆಯನ್ನು ನಡೆಸುವುದು ಭಾರತೀಯ ರಾಷ್ಟ್ರೀಯ ಪಾವತಿ ನಿಗಮ, ಅಂದರೆ ಎನ್‌ಪಿಸಿಐ. 2016ರ ಏಪ್ರಿಲ್‌ನಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ಒಂದು ಪಾವತಿ ಸಾಮಾನ್ಯವಾಗಿ ಐದು ಕಡೆ ಹಾದುಹೋಗುತ್ತದೆ. ಮೊದಲನೆಯದು ನಿಮ್ಮ ಫೋನಿನ ಆ್ಯಪ್. ಎರಡನೆಯದು ಆ ಆ್ಯಪಿನ ಬೆನ್ನಿಗಿರುವ ಪ್ರಾಯೋಜಕ ಬ್ಯಾಂಕ್. ಮೂರನೆಯದು ಎನ್‌ಪಿಸಿಐ. ನಾಲ್ಕನೆಯದು ನಿಮ್ಮ ಹಣ ಇರುವ ಬ್ಯಾಂಕ್. ಐದನೆಯದು ಹಣ ಪಡೆಯುವವರ ಬ್ಯಾಂಕ್.

ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ ಎಂದರೆ ಆ್ಯಪ್ ಬೇರೆ, ಬ್ಯಾಂಕ್ ಬೇರೆ. ನಿಮ್ಮ ಹಣ ಆ್ಯಪಿನಲ್ಲಿ ಇರುವುದಿಲ್ಲ. ನೀವು ಹಾಕುವ ಯುಪಿಐ ಪಿನ್ ಕೂಡ ಆ್ಯಪಿಗೆ ತಿಳಿಯುವುದಿಲ್ಲ, ಅದು ಗೂಢಲಿಪಿಯಾಗಿ ನಿಮ್ಮ ಬ್ಯಾಂಕಿಗೆ ಹೋಗುತ್ತದೆ. ಪಿನ್ ಸರಿಯೋ ತಪ್ಪೋ ಎಂದು ನೋಡುವುದು, ಹಣ ಕಡಿತ ಮಾಡುವುದು ಎರಡೂ ಬ್ಯಾಂಕಿನ ಕೆಲಸ. ಆ್ಯಪ್ ಒಂದು ರೀತಿಯಲ್ಲಿ ಚೀಟಿ ಒಯ್ಯುವ ಹುಡುಗನಂತೆ.

ಈ ವ್ಯತ್ಯಾಸ ದೇಶಕ್ಕೆ ಚೆನ್ನಾಗಿ ಅರ್ಥವಾದದ್ದು 2020ರ ಮಾರ್ಚ್ 5ರ ರಾತ್ರಿ. ಅಂದು ಯೆಸ್ ಬ್ಯಾಂಕ್ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು. ಕೂಡಲೇ ಫೋನ್‌ಪೇ ಸ್ಥಗಿತವಾಯಿತು. ಯೆಸ್ ಬ್ಯಾಂಕಿನಲ್ಲಿ ಖಾತೆಯೇ ಇಲ್ಲದವರೂ ಹಣ ಕಳಿಸಲಾಗದೆ ಗಾಬರಿಯಾದರು. ಕಾರಣ ಸರಳ: ಆಗ ಫೋನ್‌ಪೇಗೆ ಪ್ರಾಯೋಜಕ ಬ್ಯಾಂಕ್ ಆಗಿದ್ದುದು ಯೆಸ್ ಬ್ಯಾಂಕ್. ಬಳಕೆದಾರರ ಹಣ ಅವರವರ ಬ್ಯಾಂಕುಗಳಲ್ಲಿ ಸುರಕ್ಷಿತವಾಗಿಯೇ ಇತ್ತು, ದಾರಿ ಮಾತ್ರ ಮುಚ್ಚಿತ್ತು. ಫೋನ್‌ಪೇ ಬೇರೆ ಬ್ಯಾಂಕಿನ ಮೂಲಕ ಸಂಪರ್ಕ ಪಡೆದ ಮೇಲೆ ಪಾವತಿಗಳು ಮತ್ತೆ ನಡೆದವು.

2024ರ ಆರಂಭದಲ್ಲೂ ಹೀಗೆಯೇ ಆಯಿತು. ಪೇಟಿಎಂ ಪೇಮೆಂಟ್ಸ್ ಬ್ಯಾಂಕ್ ಮೇಲೆ ಆರ್‌ಬಿಐ ಕ್ರಮ ಕೈಗೊಂಡು, ಮಾರ್ಚ್ 15ರ ನಂತರ ಹೊಸ ಠೇವಣಿ ಪಡೆಯಬಾರದು ಎಂದಾಗ ‘ಪೇಟಿಎಂ ಮುಚ್ಚಿತು’ ಎಂಬ ಸಂದೇಶಗಳು ಹರಿದಾಡಿದವು. ನಿರ್ಬಂಧ ಬಿದ್ದದ್ದು ಆ ಹೆಸರಿನ ಬ್ಯಾಂಕಿಗೆ. ಅದರ ವಾಲೆಟ್, ಫಾಸ್ಟ್ಯಾಗ್ ಬಳಸುತ್ತಿದ್ದವರಿಗೆ ನಿಜಕ್ಕೂ ತೊಂದರೆಯಾಯಿತು. ಆದರೆ ಬೇರೆ ಬ್ಯಾಂಕಿನ ಖಾತೆಯನ್ನು ಆ ಆ್ಯಪಿಗೆ ಜೋಡಿಸಿದ್ದವರ ಯುಪಿಐ, ಇತರ ಪ್ರಾಯೋಜಕ ಬ್ಯಾಂಕುಗಳ ಮೂಲಕ ಮುಂದುವರಿಯಿತು.

ಹೀಗಾಗಿ ಒಂದು ಆ್ಯಪಿನಲ್ಲಿ ಪಾವತಿ ಆಗುತ್ತಿಲ್ಲ ಎಂದರೆ ನಿಮ್ಮ ಖಾತೆಗೆ ಏನೋ ಆಗಿದೆ ಎಂದು ಭಾವಿಸಬೇಕಿಲ್ಲ. ಅದೇ ಖಾತೆ ಇನ್ನೊಂದು ಆ್ಯಪಿನಲ್ಲಿ ನಡೆಯುತ್ತಿದ್ದರೆ ತೊಂದರೆ ಮೊದಲ ಆ್ಯಪಿನದು ಅಥವಾ ಅದರ ಪ್ರಾಯೋಜಕ ಬ್ಯಾಂಕಿನದು. ಎಲ್ಲ ಆ್ಯಪಿನಲ್ಲೂ ತಿರಸ್ಕಾರವಾದರೆ ನಿಮ್ಮ ಬ್ಯಾಂಕಿನ ಕಡೆ ನೋಡಬೇಕು.

ತಪ್ಪು ನಿಮ್ಮದೋ, ಯಂತ್ರದ್ದೋ?

ವಿಫಲವಾದ ಪಾವತಿಗಳನ್ನು ಎನ್‌ಪಿಸಿಐ ಎರಡು ಗುಂಪು ಮಾಡುತ್ತದೆ. ಒಂದು ‘ಬಿಸಿನೆಸ್ ಡಿಕ್ಲೈನ್’: ಪಿನ್ ತಪ್ಪಾಗಿದೆ, ಖಾತೆಯಲ್ಲಿ ಹಣ ಸಾಲದು, ದಿನದ ಮಿತಿ ದಾಟಿದೆ ಎಂಬಂಥ ಕಾರಣಗಳು. ಇನ್ನೊಂದು ‘ಟೆಕ್ನಿಕಲ್ ಡಿಕ್ಲೈನ್’: ಬ್ಯಾಂಕಿನ ಸರ್ವರ್ ಸಿಗಲಿಲ್ಲ, ಸಂಪರ್ಕ ಕಡಿದುಹೋಯಿತು ಎಂಬಂಥವು. ದೊಡ್ಡ ಬ್ಯಾಂಕುಗಳಲ್ಲಿ ಈ ಎರಡೂ ಶೇಕಡಾ ಎಷ್ಟು ಎಂಬ ಪಟ್ಟಿಯನ್ನು ಎನ್‌ಪಿಸಿಐ ಪ್ರತಿ ತಿಂಗಳೂ ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ನಿಮ್ಮ ಬ್ಯಾಂಕ್ ಎಷ್ಟು ಬಾರಿ ಕೈಕೊಡುತ್ತದೆ ಎಂದು ಯಾರು ಬೇಕಾದರೂ ನೋಡಬಹುದು.

ಮೊದಲ ಗುಂಪಿನಲ್ಲಿ ಜನರಿಗೆ ಹೆಚ್ಚಾಗಿ ಗೊತ್ತಾಗದೆ ಕಾಡುವುದು ಮಿತಿಗಳು. ವ್ಯಕ್ತಿಯಿಂದ ವ್ಯಕ್ತಿಗೆ ಯುಪಿಐ ಮೂಲಕ ಕಳಿಸಲು ಸಾಮಾನ್ಯ ಮಿತಿ ದಿನಕ್ಕೆ 1 ಲಕ್ಷ ರೂಪಾಯಿ. ಬ್ಯಾಂಕುಗಳು ಇದಕ್ಕಿಂತ ಕಡಿಮೆ ಮಿತಿಯನ್ನೂ ಇಡಬಹುದು. ಹಣ ಎಷ್ಟು ಎಂಬುದಕ್ಕೆ ಮಾತ್ರವಲ್ಲ, ದಿನಕ್ಕೆ ಎಷ್ಟು ಸಲ ಎಂಬುದಕ್ಕೂ ಮಿತಿ ಇರುತ್ತದೆ. ಹೊಸ ಫೋನಿಗೆ ಬದಲಾಯಿಸಿಕೊಂಡ ಮೊದಲ ದಿನವಂತೂ ಸಾಮಾನ್ಯವಾಗಿ 5,000 ರೂಪಾಯಿಗಿಂತ ಹೆಚ್ಚು ಹೋಗುವುದಿಲ್ಲ. ಯಾರೋ ನಿಮ್ಮ ಸಿಮ್ ಕದ್ದು ಬೇರೆ ಫೋನಿಗೆ ಹಾಕಿ ಖಾತೆ ಖಾಲಿ ಮಾಡದಿರಲಿ ಎಂದು ಇರುವ ತಡೆ ಇದು. ಹೊಸ ಫೋನ್ ಕೊಂಡ ಸಂಭ್ರಮದಲ್ಲಿ ಬಾಡಿಗೆ ಕಟ್ಟಲು ಹೋದವರಿಗೆ ಮಾತ್ರ ಇದು ಶಿಕ್ಷೆಯಂತೆ ಕಾಣುತ್ತದೆ.

ಕಾರ್ಡ್ ಬಳಸುವವರಿಗೂ ಇಂಥದೇ ಒಂದು ಅಡ್ಡಿ ಇದೆ. 2020ರ ಆರ್‌ಬಿಐ ಆದೇಶದಂತೆ ಹೊಸದಾಗಿ ಕೊಟ್ಟ ಕಾರ್ಡ್ ದೇಶದೊಳಗಿನ ಎಟಿಎಂ ಮತ್ತು ಅಂಗಡಿಯ ಯಂತ್ರಗಳಲ್ಲಿ ಮಾತ್ರ ನಡೆಯುತ್ತದೆ. ಆನ್‌ಲೈನ್ ಖರೀದಿ, ವಿದೇಶಿ ಪಾವತಿ ಬೇಕಿದ್ದರೆ ನೀವೇ ಬ್ಯಾಂಕಿನ ಆ್ಯಪಿನಲ್ಲಿ ಅದನ್ನು ಚಾಲೂ ಮಾಡಬೇಕು. ‘ಹೊಸ ಕಾರ್ಡ್, ಆದರೂ ಎಲ್ಲೂ ತಗೋತಿಲ್ಲ’ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಈ ಆಫ್ ಆಗಿರುವ ಗುಂಡಿ.

ಎರಡನೇ ಗುಂಪಿನ ತಿರಸ್ಕಾರದಲ್ಲಿ ನಿಮ್ಮ ತಪ್ಪೇನೂ ಇರುವುದಿಲ್ಲ. 2025ರ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಯುಪಿಐ ದೇಶದಾದ್ಯಂತ ಕೆಲವು ಸಲ ಗಂಟೆಗಟ್ಟಲೆ ಕುಂಟಿತು. ಏಪ್ರಿಲ್ 12ರ ತೊಂದರೆಗೆ ಎನ್‌ಪಿಸಿಐ ಕಂಡುಕೊಂಡ ಕಾರಣ ವಿಚಿತ್ರವಾಗಿತ್ತು: ಬಾಕಿ ಉಳಿದ ಪಾವತಿಗಳು ‘ಆಯಿತೇ, ಆಯಿತೇ’ ಎಂದು ಕೆಲವು ಬ್ಯಾಂಕುಗಳ ಗಣಕಗಳು ಬಿಡುವಿಲ್ಲದೆ ಕೇಳುತ್ತಿದ್ದವು, ಆ ವಿಚಾರಣೆಯ ಹೊರೆಯೇ ವ್ಯವಸ್ಥೆಯನ್ನು ನಿಧಾನಗೊಳಿಸಿತು. ಇದಾದ ಮೇಲೆ 2025ರ ಆಗಸ್ಟ್‌ನಿಂದ ಹೊಸ ಮಿತಿಗಳು ಬಂದವು. ಒಂದು ಆ್ಯಪಿನಲ್ಲಿ ದಿನಕ್ಕೆ 50 ಬಾರಿ ಮಾತ್ರ ಬ್ಯಾಲೆನ್ಸ್ ನೋಡಬಹುದು. ಬಾಕಿ ಇರುವ ಪಾವತಿಯ ಸ್ಥಿತಿಯನ್ನು ಮೂರು ಬಾರಿ ಮಾತ್ರ, ಪ್ರತಿ ಸಲ 90 ಸೆಕೆಂಡು ಬಿಟ್ಟು ವಿಚಾರಿಸಬಹುದು.

ಕಡಿತವಾದ ಹಣ ಎಲ್ಲಿ ಹೋಯಿತು?

ಐದು ಕೈಗಳ ವಿಷಯ ನೆನಪಿದ್ದರೆ ಇದು ಸುಲಭ. ನಾಲ್ಕನೆಯವರು, ಅಂದರೆ ನಿಮ್ಮ ಬ್ಯಾಂಕ್ ಹಣ ಕಡಿತ ಮಾಡಿ ‘ಆಯಿತು’ ಎಂದಿದ್ದಾರೆ. ಐದನೆಯವರು, ಅಂದರೆ ಎದುರಿನ ಬ್ಯಾಂಕ್ ನಿಗದಿತ ಸೆಕೆಂಡುಗಳೊಳಗೆ ‘ಜಮಾ ಆಯಿತು’ ಎಂದು ಉತ್ತರಿಸಲಿಲ್ಲ. ಅವರಿಗೆ ಹಣ ಜಮಾ ಆಗಿಯೂ ಉತ್ತರ ಮಾತ್ರ ದಾರಿಯಲ್ಲಿ ಕಳೆದಿರಬಹುದು, ಅಥವಾ ಜಮಾ ಆಗದೆಯೇ ಇರಬಹುದು. ಆ ಕ್ಷಣದಲ್ಲಿ ವ್ಯವಸ್ಥೆಗೆ ನಿಜ ಗೊತ್ತಿರುವುದಿಲ್ಲ. ಅದಕ್ಕೇ ‘ಪೆಂಡಿಂಗ್’ ಎಂದು ತೋರಿಸುತ್ತದೆ. ನಂತರ ಬ್ಯಾಂಕುಗಳು ಪರಸ್ಪರ ಲೆಕ್ಕ ತಾಳೆ ನೋಡಿ ಇತ್ಯರ್ಥ ಮಾಡುತ್ತವೆ.

ಇಂಥ ಹೊತ್ತಿನಲ್ಲಿ ಅಂಗಡಿ ಮುಂದೆ ಜಗಳವಾಗುವುದುಂಟು. ಗಿರಾಕಿ ಎಸ್‌ಎಂಎಸ್ ತೋರಿಸುತ್ತಾರೆ, ಅಂಗಡಿಯವರು ತಮ್ಮ ಸ್ಪೀಕರ್ ಪೆಟ್ಟಿಗೆ ಕೂಗಲಿಲ್ಲ ಎನ್ನುತ್ತಾರೆ. ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು. ನಕಲಿ ಸ್ಕ್ರೀನ್‌ಶಾಟ್ ತೋರಿಸಿ ಮೋಸ ಮಾಡುವವರು ಇರುವುದರಿಂದ ಅಂಗಡಿಯವರು ಗಿರಾಕಿಯ ಫೋನ್ ನೋಡಿ ನಂಬಲು ಹಿಂಜರಿಯುವುದು ಸಹಜ. ನಿಮ್ಮ ಕೈಯಲ್ಲಿರುವ ಗಟ್ಟಿ ಪುರಾವೆ ಎಂದರೆ 12 ಅಂಕಿಯ ಯುಪಿಐ ವಹಿವಾಟು ಸಂಖ್ಯೆ. ಅದನ್ನು ಬರೆದಿಟ್ಟುಕೊಳ್ಳಿ. ಮುಂದಿನ ದೂರಿಗೆಲ್ಲ ಅದೇ ಆಧಾರ.

ಹಣ ಮರಳುವುದಕ್ಕೆ ಗಡುವು ಇದೆ. 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ಆರ್‌ಬಿಐ ಇದನ್ನು ಸ್ಪಷ್ಟವಾಗಿ ಹೇಳಿದೆ.

- ಯುಪಿಐನಲ್ಲಿ ಒಬ್ಬರಿಗೆ ಕಳಿಸಿದ ಹಣ ಕಡಿತವಾಗಿ ಅವರ ಖಾತೆಗೆ ಜಮಾ ಆಗದಿದ್ದರೆ, ವಹಿವಾಟಿನ ಮರುದಿನದೊಳಗೆ ತಾನಾಗಿ ವಾಪಸ್ ಆಗಬೇಕು.
- ಅಂಗಡಿಗೆ ಮಾಡಿದ ಯುಪಿಐ ಪಾವತಿ ಕಡಿತವಾಗಿ ಅಂಗಡಿಗೆ ದೃಢೀಕರಣ ಸಿಗದಿದ್ದರೆ, 5 ದಿನದೊಳಗೆ ವಾಪಸ್ ಆಗಬೇಕು.
- ಎಟಿಎಂನಲ್ಲಿ ಹಣ ಕಡಿತವಾಗಿ ನೋಟು ಬರದಿದ್ದರೂ 5 ದಿನವೇ ಗಡುವು.
- ಗಡುವು ದಾಟಿದರೆ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಗ್ರಾಹಕನ ಖಾತೆಗೆ ಸೇರಬೇಕು.

ಈ ಪರಿಹಾರಕ್ಕೆ ನೀವು ಅರ್ಜಿ ಹಾಕಬೇಕಿಲ್ಲ, ದೂರಿಗೆ ಕಾಯದೆ ಬ್ಯಾಂಕೇ ಕೊಡಬೇಕು ಎಂದು ಸುತ್ತೋಲೆ ಹೇಳುತ್ತದೆ. ಕೊಡದಿದ್ದರೆ ಕೇಳುವ ಹಕ್ಕು ನಿಮಗಿದೆ. ಒಂದು ಎಚ್ಚರಿಕೆ: ನೀವೇ ತಪ್ಪು ನಂಬರಿಗೆ ಹಣ ಕಳಿಸಿದ್ದರೆ ಅದು ಈ ಲೆಕ್ಕಕ್ಕೆ ಬರುವುದಿಲ್ಲ. ವ್ಯವಸ್ಥೆಯ ಕಣ್ಣಲ್ಲಿ ಅದು ಯಶಸ್ವಿ ಪಾವತಿ. ಆಗ ಬ್ಯಾಂಕಿನ ಮೂಲಕ ಪಡೆದವರನ್ನು ಸಂಪರ್ಕಿಸಿ ವಾಪಸ್ ಕೇಳಬೇಕಾಗುತ್ತದೆ.

ಕಾರಣ ಹೇಳದ ತಿರಸ್ಕಾರ

ಇಷ್ಟರವರೆಗೆ ನೋಡಿದ್ದು ಕಾರಣ ಇರುವ ತಿರಸ್ಕಾರಗಳು. ಜನರಿಗೆ ಹೆಚ್ಚು ನೋವು ಕೊಡುವುದು ಬೇರೆಯೇ ಬಗೆ. ಹಣ ಇದೆ, ಮಿತಿಯೊಳಗೇ ಇದೆ, ಸರ್ವರ್ ಸರಿ ಇದೆ. ಆದರೂ ‘ಸುರಕ್ಷತೆಯ ಕಾರಣದಿಂದ ಈ ಪಾವತಿ ಸಾಧ್ಯವಿಲ್ಲ’ ಎಂದು ಬರುತ್ತದೆ. ಗ್ರಾಹಕ ಸೇವೆಗೆ ಕರೆ ಮಾಡಿದರೂ ವಿವರ ಸಿಗುವುದಿಲ್ಲ. ನೀವು ಕಳ್ಳ ಎಂದು ಯಾರೋ ಮುಖಕ್ಕೆ ಹೇಳಿದಂತಾಗುತ್ತದೆ.

ಇದು ಅಪಾಯ ಅಳೆಯುವ ಗಣಕದ ಕೆಲಸ. ಪ್ರತಿ ಪಾವತಿಯನ್ನೂ ಅದು ಕ್ಷಣಾರ್ಧದಲ್ಲಿ ತೂಗಿ ನೋಡುತ್ತದೆ. ನೀವು ಸಾಮಾನ್ಯವಾಗಿ ಎಷ್ಟು ಕಳಿಸುತ್ತೀರಿ, ಎಷ್ಟು ಹೊತ್ತಿಗೆ ಕಳಿಸುತ್ತೀರಿ, ಫೋನ್ ಹಳೆಯದೋ ಹೊಸದೋ, ಪಡೆಯುವವರ ಮೇಲೆ ಮೊದಲೇ ದೂರು ಇದೆಯೋ ಎಂದೆಲ್ಲ ನೋಡುತ್ತದೆ. 2025ರ ಮೇ ತಿಂಗಳಿನಿಂದ ದೂರಸಂಪರ್ಕ ಇಲಾಖೆಯೂ ವಂಚನೆಯ ಸಂಶಯವಿರುವ ಮೊಬೈಲ್ ಸಂಖ್ಯೆಗಳನ್ನು ಅಪಾಯದ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿ ಬ್ಯಾಂಕು ಮತ್ತು ಆ್ಯಪ್‌ಗಳಿಗೆ ತಿಳಿಸುತ್ತಿದೆ. ವಂಚನೆಯ ಹಣ ಸಾಗಿಸಲು ಬಾಡಿಗೆಗೆ ಕೊಟ್ಟ ಖಾತೆಗಳನ್ನು ಹುಡುಕಲು ಆರ್‌ಬಿಐನ ಬೆಂಗಳೂರಿನ ಇನ್ನೋವೇಶನ್ ಹಬ್ ‘ಮ್ಯೂಲ್‌ಹಂಟರ್’ ಎಂಬ ಸಾಧನವನ್ನೂ ರೂಪಿಸಿದೆ.

ಇಷ್ಟೆಲ್ಲ ಇದ್ದೂ ಪ್ರಾಮಾಣಿಕರು ಏಕೆ ಸಿಕ್ಕಿಬೀಳುತ್ತಾರೆ? ಗಣಕ ದಡ್ಡ ಎಂದಲ್ಲ, ಲೆಕ್ಕವೇ ಹಾಗಿದೆ. ಉದಾಹರಣೆಗೆ 1,00,000 ಪಾವತಿಗಳಲ್ಲಿ 10 ಮೋಸದವು ಎಂದುಕೊಳ್ಳೋಣ. ಗಣಕ ಬಹಳ ಚುರುಕು ಎಂದೂ ಇಟ್ಟುಕೊಳ್ಳೋಣ: 10 ಮೋಸಗಳಲ್ಲಿ 9ನ್ನು ಹಿಡಿಯುತ್ತದೆ, ಪ್ರಾಮಾಣಿಕ ಪಾವತಿಗಳಲ್ಲಿ 100ಕ್ಕೆ 1ನ್ನು ಮಾತ್ರ ತಪ್ಪಾಗಿ ತಡೆಯುತ್ತದೆ. ಈಗ ಎಣಿಸಿ. ಹಿಡಿದ ಮೋಸ 9. ತಪ್ಪಾಗಿ ತಡೆದ ಪ್ರಾಮಾಣಿಕ ಪಾವತಿ ಸುಮಾರು 1,000. ಅಂದರೆ ತಡೆದ ಪ್ರತಿ ನೂರರಲ್ಲಿ ತೊಂಬತ್ತೊಂಬತ್ತು ನಿರಪರಾಧಿಗಳದ್ದು! ಮೋಸ ಮಾಡುವವರು ಒಟ್ಟು ಜನರಲ್ಲಿ ತೀರ ಕಡಿಮೆ ಇರುವುದರಿಂದಲೇ ಹೀಗಾಗುತ್ತದೆ. ಅಪರೂಪದ ಕಾಯಿಲೆಗೆ ಊರಿಗೆಲ್ಲ ಪರೀಕ್ಷೆ ಮಾಡಿದಾಗ ಆರೋಗ್ಯವಂತರಲ್ಲೂ ‘ಪಾಸಿಟಿವ್’ ಬರುವುದು ಇದೇ ಲೆಕ್ಕದಿಂದ.

ಆದ್ದರಿಂದ ‘ಅಪಾಯ’ ಎಂಬ ಕಾರಣಕ್ಕೆ ನಿಮ್ಮ ಪಾವತಿ ನಿಂತರೆ ನಿಮ್ಮ ಮೇಲೆ ಆರೋಪ ಬಂದಿದೆ ಎಂದು ಅರ್ಥವಲ್ಲ. ದೊಡ್ಡ ಬಲೆಯಲ್ಲಿ ನೀವೂ ಸಿಕ್ಕಿದ್ದೀರಿ ಅಷ್ಟೆ. ಆದರೆ ಬಲೆ ಹಾಕಿದವರಿಗೆ ಒಂದು ಜವಾಬ್ದಾರಿಯೂ ಇದೆ: ತಪ್ಪಾಗಿ ಸಿಕ್ಕವರು ಬೇಗ ಹೊರಬರಲು ದಾರಿ ಇಡಬೇಕು. ನಮ್ಮಲ್ಲಿ ಸೊರಗಿರುವುದು ಈ ಎರಡನೇ ಭಾಗ.

ಕಾರಣವನ್ನು ಏಕೆ ಹೇಳುವುದಿಲ್ಲ? ಎರಡು ವಿವರಣೆಗಳಿವೆ. ಮೊದಲನೆಯದು, ‘ಇಷ್ಟು ಹಣ, ಈ ಹೊತ್ತಿಗೆ, ಹೀಗೆ ಕಳಿಸಿದ್ದಕ್ಕೆ ತಡೆದೆವು’ ಎಂದರೆ ವಂಚಕರು ಅದನ್ನೇ ಪಾಠ ಮಾಡಿಕೊಂಡು ಮುಂದಿನ ಸಲ ತಪ್ಪಿಸಿಕೊಳ್ಳುತ್ತಾರೆ. ಎರಡನೆಯದು ಕಾನೂನು. ಅಕ್ರಮ ಹಣ ವರ್ಗಾವಣೆ ತಡೆ ನಿಯಮಗಳಂತೆ, ಬ್ಯಾಂಕ್ ಒಂದು ವಹಿವಾಟನ್ನು ಸಂಶಯಾಸ್ಪದ ಎಂದು ಸರ್ಕಾರಕ್ಕೆ ವರದಿ ಮಾಡಿದ್ದರೆ ಆ ವಿಷಯವನ್ನು ಗ್ರಾಹಕನಿಗೆ ತಿಳಿಸುವಂತಿಲ್ಲ. ಎರಡೂ ಸರಿಯಾದ ಕಾರಣಗಳೇ. ಆದರೆ ಸಾಮಾನ್ಯ ಸರ್ವರ್ ತೊಂದರೆಗೂ, ಮಿತಿ ದಾಟಿದ್ದಕ್ಕೂ ಇದೇ ಮೌನವನ್ನು ಬಳಸುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ‘ನಿಮ್ಮ ಇಂದಿನ ಮಿತಿ ಮುಗಿದಿದೆ’ ಎಂದು ಕನ್ನಡದಲ್ಲಿ ಒಂದು ಸಾಲು ತೋರಿಸಿದರೆ ಯಾವ ವಂಚಕನಿಗೂ ಲಾಭವಿಲ್ಲ, ಸಾವಿರಾರು ಜನರ ಗಾಬರಿ ಮಾತ್ರ ತಪ್ಪುತ್ತದೆ.

ಒಂದು ಪಾವತಿಯಲ್ಲ, ಖಾತೆಯೇ ಸ್ತಬ್ಧವಾದಾಗ

ಇನ್ನೂ ಗಂಭೀರವಾದದ್ದು ಖಾತೆ ಸ್ತಂಭನ. ವಂಚನೆಗೊಳಗಾದ ಯಾರೋ 1930 ಸಹಾಯವಾಣಿಗೆ ದೂರು ಕೊಡುತ್ತಾರೆ. ಪೊಲೀಸರು ಆ ಹಣ ಎಲ್ಲೆಲ್ಲಿ ಹರಿಯಿತು ಎಂದು ಹಿಂಬಾಲಿಸುತ್ತಾರೆ. ಅದು ಮೊದಲ ಖಾತೆಯಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಹೋಗಿ, ಅದರಲ್ಲೊಬ್ಬ ಹೋಟೆಲಿನಲ್ಲಿ ಊಟ ಮಾಡಿ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಹೋಟೆಲಿನವರ ಖಾತೆಯೂ ಸರಪಳಿಗೆ ಸೇರುತ್ತದೆ. ಊಟ ಬಡಿಸಿದ್ದಷ್ಟೇ ಅವರ ತಪ್ಪು. ದೂರು ದಾಖಲಾದದ್ದು ಬೇರೆ ರಾಜ್ಯದ ಠಾಣೆಯಲ್ಲಿದ್ದರೆ ಬವಣೆ ಇನ್ನೂ ಹೆಚ್ಚು.

ಕೇರಳದಲ್ಲಿ ಅನೇಕ ವ್ಯಾಪಾರಿಗಳಿಗೆ ಹೀಗಾದಾಗ ಪ್ರಕರಣ ಹೈಕೋರ್ಟಿಗೆ ಹೋಯಿತು. ಸಂಶಯಕ್ಕೆ ಒಳಗಾದ ಮೊತ್ತವನ್ನು ಮಾತ್ರ ತಡೆಹಿಡಿಯಬೇಕು, ಇಡೀ ಖಾತೆಯನ್ನಲ್ಲ ಎಂಬರ್ಥದ ನಿರ್ದೇಶನವನ್ನು ಕೇರಳ ಹೈಕೋರ್ಟ್ 2023ರಲ್ಲಿ ನೀಡಿತು. ನಿಮ್ಮ ಖಾತೆಗೆ ಹೀಗಾದರೆ ಬ್ಯಾಂಕಿನಿಂದ ಮೂರು ವಿಷಯಗಳನ್ನು ಬರಹದಲ್ಲಿ ಕೇಳಿ: ಸ್ತಂಭನಕ್ಕೆ ಪತ್ರ ಬರೆದ ಪೊಲೀಸ್ ಠಾಣೆ ಯಾವುದು, ದೂರಿನ ಸಂಖ್ಯೆ ಏನು, ವಿವಾದದಲ್ಲಿರುವ ಮೊತ್ತ ಎಷ್ಟು. ನಂತರ ಆ ಹಣ ನಿಮಗೆ ಯಾವ ಮಾರಾಟಕ್ಕೆ ಬಂತು ಎಂಬ ಬಿಲ್ ಸಮೇತ ಆ ಠಾಣೆಗೆ ಬರೆಯಿರಿ. ಬಿಲ್ ಬರೆಯುವ ಅಭ್ಯಾಸ ಸಣ್ಣ ಅಂಗಡಿಗೂ ಏಕೆ ಬೇಕು ಎಂಬುದಕ್ಕೆ ಇದೇ ಉತ್ತರ.

ಹೆಸರಿನ ಒಂದು ಅಕ್ಷರಕ್ಕೆ ಅರ್ಜಿ ತಿರಸ್ಕಾರ

ಮನೆಯಲ್ಲಿ ಉಪ್ಪಿನಕಾಯಿ, ಸೀರೆ ಕುಚ್ಚು ಮಾಡಿ ಮಾರುವವರು ಪಾವತಿ ಸೇವೆಗೆ ನೋಂದಾಯಿಸಲು ಹೋಗಿ ತಿರಸ್ಕೃತರಾಗುವುದು ಇನ್ನೊಂದು ಬಗೆ. ಆರ್‌ಬಿಐ ಮಾರ್ಗಸೂಚಿಯಂತೆ ಆನ್‌ಲೈನ್ ಪಾವತಿ ಸಂಗ್ರಹಿಸಿಕೊಡುವ ಕಂಪನಿಗಳು ವ್ಯಾಪಾರಿಯ ಹಿನ್ನೆಲೆ ಪರಿಶೀಲಿಸಲೇಬೇಕು. ವ್ಯಾಪಾರಿಯ ಜಾಲತಾಣದಲ್ಲಿ ಷರತ್ತುಗಳು, ಸರಕು ಮತ್ತು ಹಣ ಹಿಂದಿರುಗಿಸುವ ಅವಧಿ ಬರೆದಿರಬೇಕು. ಈ ಪುಟ ಇಲ್ಲದಿರುವುದು ಅರ್ಜಿ ನಿಲ್ಲಲು ಒಂದು ಕಾರಣ.

ಇನ್ನೊಂದು ಕಾರಣ ಹೆಸರು. ನಮ್ಮಲ್ಲಿ ಹೆಸರಿನ ಮುಂದೆ ಊರು, ತಂದೆಯ ಹೆಸರಿನ ಮೊದಲ ಅಕ್ಷರ ಬರೆಯುವ ರೂಢಿ. ಬ್ಯಾಂಕಿನಲ್ಲಿ ‘ಕೆ. ಎಸ್. ಲಕ್ಷ್ಮಿ’ ಎಂದಿದ್ದರೆ ಪ್ಯಾನ್ ಕಾರ್ಡಿನಲ್ಲಿ ಅದೇ ಅಕ್ಷರಗಳು ವಿಸ್ತಾರವಾಗಿ ಪೂರ್ಣ ಹೆಸರಾಗಿರುತ್ತವೆ. ಇಂಗ್ಲಿಷಿನಲ್ಲಿ ‘ಲಕ್ಷ್ಮಿ’ಯನ್ನು ಎರಡು ಮೂರು ರೀತಿ ಬರೆಯುತ್ತಾರೆ. ಮನುಷ್ಯ ನೋಡಿದರೆ ಒಬ್ಬರೇ ಎಂದು ತಿಳಿಯುತ್ತದೆ, ಗಣಕಕ್ಕೆ ತಿಳಿಯುವುದಿಲ್ಲ. ಮತ್ತೆ ಮತ್ತೆ ಅರ್ಜಿ ಹಾಕುವ ಬದಲು ಪ್ಯಾನ್, ಆಧಾರ್ ಮತ್ತು ಬ್ಯಾಂಕ್ ಖಾತೆಯಲ್ಲಿ ಹೆಸರನ್ನು ಒಂದೇ ರೀತಿ ಮಾಡಿಸುವುದು ಶಾಶ್ವತ ಪರಿಹಾರ.

ಸಿಟ್ಟಿನ ಹೊತ್ತೇ ವಂಚಕರ ಹೊತ್ತು

ಈಗ ಎಲ್ಲಕ್ಕಿಂತ ಮುಖ್ಯ ಸಂಗತಿ. ಪಾವತಿ ವಿಫಲವಾದಾಗ ಹಣ ಕಳೆದುಕೊಳ್ಳುವವರು ಬಹಳ ಸಲ ಆ ವೈಫಲ್ಯದಿಂದ ಕಳೆದುಕೊಳ್ಳುವುದಿಲ್ಲ, ಅದರ ನಂತರದ ಹತ್ತು ನಿಮಿಷದಲ್ಲಿ ಕಳೆದುಕೊಳ್ಳುತ್ತಾರೆ.

ಆಗುವುದು ಹೀಗೆ. 800 ರೂಪಾಯಿ ಸಿಕ್ಕಿಹಾಕಿಕೊಂಡಿದೆ. ಆ್ಯಪಿನಲ್ಲಿ ಮಾತಾಡಲು ಮನುಷ್ಯರೇ ಸಿಗುವುದಿಲ್ಲ. ಗೂಗಲ್‌ನಲ್ಲಿ ‘ಕಸ್ಟಮರ್ ಕೇರ್ ನಂಬರ್’ ಎಂದು ಹುಡುಕುತ್ತೀರಿ. ವಂಚಕರು ತಮ್ಮ ಮೊಬೈಲ್ ಸಂಖ್ಯೆಯನ್ನೇ ಸಹಾಯವಾಣಿ ಎಂದು ಅಲ್ಲಲ್ಲಿ ಹಾಕಿರುತ್ತಾರೆ. ಕರೆ ಮಾಡಿದರೆ ಬಹಳ ಸೌಜನ್ಯದ ಮಾತು. ‘ನಿಮ್ಮ ಹಣ ವಾಪಸ್ ಹಾಕುತ್ತೇವೆ, ಒಂದು ಆ್ಯಪ್ ಹಾಕಿಕೊಳ್ಳಿ’, ‘ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ’ ಎನ್ನುತ್ತಾರೆ. ಆ ಆ್ಯಪ್ ನಿಮ್ಮ ಪರದೆಯನ್ನು ಅವರಿಗೆ ತೋರಿಸುತ್ತದೆ. ನೀವು ಹಾಕಿದ ಪಿನ್ ನಿಮ್ಮ ಖಾತೆಯಿಂದಲೇ ಹಣ ಹೊರಗೆ ಕಳಿಸುತ್ತದೆ.

ಹಣ ಪಡೆಯಲು ಎಂದೂ ಪಿನ್ ಬೇಕಿಲ್ಲ, ಸ್ಕ್ಯಾನ್ ಮಾಡಬೇಕಿಲ್ಲ. ಪಿನ್ ಕೇಳಿದರೆ ಹಣ ಹೋಗುತ್ತಿದೆ ಎಂದೇ ಅರ್ಥ.

ಇಲ್ಲಿನ ವ್ಯತ್ಯಾಸ ನೋಡಿ. ವಿಫಲ ಪಾವತಿಯಲ್ಲಿ ಸಿಕ್ಕಿದ 800 ರೂಪಾಯಿಗೆ ನಿಯಮದ ರಕ್ಷಣೆ ಇದೆ, ಗಡುವಿದೆ, ತಡವಾದರೆ ಪರಿಹಾರವೂ ಇದೆ. ನೀವೇ ಪಿನ್ ಹಾಕಿ ವಂಚಕರಿಗೆ ಕಳಿಸಿದ 80,000ಕ್ಕೆ ಆ ರಕ್ಷಣೆ ಇಲ್ಲ. ವ್ಯವಸ್ಥೆಯ ಮೌನ ಅಪಾಯಕಾರಿ ಎನ್ನುವುದು ಇದಕ್ಕೇ. ಸರಿಯಾದ ಜಾಗದಲ್ಲಿ ಉತ್ತರ ಸಿಗದ ಗ್ರಾಹಕರು ತಪ್ಪಾದ ಜಾಗದಲ್ಲಿ ಉತ್ತರ ಹುಡುಕುತ್ತಾರೆ.

ಫಾರ್ವರ್ಡ್ ಹೇಳುವುದು, ವಾಸ್ತವ ಇರುವುದು

*‘ಒಮ್ಮೆ ಆಗದಿದ್ದರೆ ಮತ್ತೆ ಮತ್ತೆ ಒತ್ತಿ, ಆಗುತ್ತದೆ.’* ತಪ್ಪು. ‘ಪೆಂಡಿಂಗ್’ ಇರುವಾಗ ಮತ್ತೆ ಒತ್ತಿದರೆ ಎರಡು ಸಲ ಹಣ ಹೋಗಬಹುದು. ಪಿನ್ ಪದೇ ಪದೇ ತಪ್ಪಾದರೆ ಯುಪಿಐ ಕೆಲ ಕಾಲ ಬಂದ್ ಆಗುತ್ತದೆ.

*‘ಪಾವತಿ ಫೇಲ್ ಆದರೆ ಸಿಬಿಲ್ ಸ್ಕೋರ್ ಇಳಿಯುತ್ತದೆ.’* ಸಾಮಾನ್ಯ ಯುಪಿಐ ಪಾವತಿಗಳು ಸಾಲದ ದಾಖಲೆಗೆ ಹೋಗುವುದಿಲ್ಲ. ಆದರೆ ವಿಫಲವಾದದ್ದು ಸಾಲದ ಕಂತು ಅಥವಾ ಕ್ರೆಡಿಟ್ ಕಾರ್ಡ್ ಬಿಲ್ಲಾಗಿದ್ದು, ನೀವು ಅದನ್ನು ಬೇರೆ ದಾರಿಯಲ್ಲಿ ಕಟ್ಟದಿದ್ದರೆ, ಆ ವಿಳಂಬ ದಾಖಲಾಗುತ್ತದೆ. ಇಳಿಸುವುದು ಬಾಕಿ, ತಿರಸ್ಕಾರವಲ್ಲ.

*‘100 ರೂಪಾಯಿ ಪರಿಹಾರಕ್ಕೆ ಈ ಲಿಂಕ್‌ನಲ್ಲಿ ವಿವರ ತುಂಬಿ.’* ನಿಯಮ ನಿಜ, ಲಿಂಕ್ ಸುಳ್ಳು. ಅರ್ಧ ಸತ್ಯದ ಫಾರ್ವರ್ಡ್‌ಗಳೇ ಹೆಚ್ಚು ಅಪಾಯಕಾರಿ.

*‘ಹಳೆಯ ನಂಬರ್ ಬಿಟ್ಟರೂ ಯುಪಿಐ ತಾನಾಗಿ ನಡೆಯುತ್ತದೆ.’* ಸಂಪರ್ಕ ಕಡಿತಗೊಂಡ ಮೊಬೈಲ್ ಸಂಖ್ಯೆ 90 ದಿನಗಳ ನಂತರ ಬೇರೊಬ್ಬರಿಗೆ ಹೋಗಬಹುದು. ನಂಬರ್ ಬದಲಿಸಿದರೆ ಮೊದಲು ಬ್ಯಾಂಕಿನಲ್ಲಿ ಬದಲಿಸಿ. ಒಂದು ವರ್ಷ ಬಳಸದ ಯುಪಿಐ ಐಡಿಗಳನ್ನೂ ನಿಷ್ಕ್ರಿಯಗೊಳಿಸುವಂತೆ ಎನ್‌ಪಿಸಿಐ 2023ರಲ್ಲೇ ಸೂಚಿಸಿದೆ.

ದೂರು ಎಲ್ಲಿಗೆ, ಯಾವ ಕ್ರಮದಲ್ಲಿ?

1. ಮೊದಲು ಆ್ಯಪಿನ ಪಾವತಿ ಇತಿಹಾಸಕ್ಕೆ ಹೋಗಿ, ಆ ಪಾವತಿಯನ್ನು ತೆರೆದು ಅಲ್ಲೇ ದೂರು ದಾಖಲಿಸಿ. ಫೋನ್ ಸಂಖ್ಯೆ ಬೇಕಿದ್ದರೆ ಆ್ಯಪಿನೊಳಗಿಂದ, ಕಾರ್ಡಿನ ಹಿಂಬದಿಯಿಂದ ಅಥವಾ ಪಾಸ್‌ಪುಸ್ತಕದಿಂದ ಮಾತ್ರ ತೆಗೆದುಕೊಳ್ಳಿ.
2. ಗಡುವು ಮುಗಿದರೂ ಹಣ ಬರದಿದ್ದರೆ 12 ಅಂಕಿಯ ಸಂಖ್ಯೆ ಸಮೇತ ನಿಮ್ಮ ಬ್ಯಾಂಕಿಗೆ ಬರಹದಲ್ಲಿ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ. 100 ರೂಪಾಯಿ ಪರಿಹಾರದ ಸುತ್ತೋಲೆಯನ್ನೂ ಉಲ್ಲೇಖಿಸಿ.
3. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಹೋಗಬಹುದು. ಆರ್‌ಬಿಐನ ದೂರು ಜಾಲತಾಣದಲ್ಲಿ ಉಚಿತವಾಗಿ ದೂರು ಕೊಡಬಹುದು. ಮಾಹಿತಿಗೆ 14448 ಸಂಖ್ಯೆ ಇದೆ. ವಕೀಲರ ಅಗತ್ಯವಿಲ್ಲ.
4. ವಂಚನೆ ಆಗಿದೆ ಎಂದು ಅನಿಸಿದರೆ ಈ ಕ್ರಮಕ್ಕೆಲ್ಲ ಕಾಯಬೇಡಿ. ಕೂಡಲೇ 1930ಕ್ಕೆ ಕರೆ ಮಾಡಿ. ಹಣ ಇನ್ನೊಂದು ಖಾತೆಗೆ ಜಾರುವ ಮೊದಲು ತಡೆಯಲು ಪ್ರತಿ ನಿಮಿಷವೂ ಮುಖ್ಯ.

ಮನೆಯ ಹಿರಿಯರಿಗೆ ಈ ನಾಲ್ಕೂ ಹೆಜ್ಜೆ ನೆನಪಿರುವುದು ಕಷ್ಟ. ಅವರಿಗೆ ಒಂದೇ ಮಾತು ಹೇಳಿಕೊಡಿ: ಪಾವತಿ ವಿಫಲವಾದರೆ ಫೋನ್ ಕೆಳಗಿಟ್ಟು ಮನೆಯವರಿಗೆ ಹೇಳುವುದು, ಯಾರಿಗೂ ಪಿನ್ ಹೇಳದಿರುವುದು. ಕಡಿತವಾದ ಹಣ ಒಂದೆರಡು ದಿನ ತಡವಾಗಿಯಾದರೂ ಬರುತ್ತದೆ. ಫಾರ್ವರ್ಡ್ ಮಾಡಲೇಬೇಕು ಎನಿಸಿದರೆ ಈ ಮಾತನ್ನು ಮಾಡಿ.